ಹನ್ನೆರಡು ತುಂಬಿಲ್ಲ

ವಾಕಡ, ಪುಣೆ
೧೬ ನವೆಂಬರ್ ೨೦೨೫, ರವಿವಾರ ಮಧ್ಯಾಹ್ನ

ಮಾಯಾನ ಅಪ್ಪಾ, ಶರಣು.

ಹೇಗಿದ್ದೀರಿ? ಕೆಮ್ಮು ಇಳಿಯಿತೋ ಇಲ್ಲವೋ? ಫೋನಿನಲ್ಲಿ ಕೇಳಿದರೆ ‘ಆರಾಮ ಅದೀನಿ’ ಎಂದು ಒಂದೇ ಮಾತು ಹೇಳಿ ಇಟ್ಟುಬಿಡುತ್ತೀರಿ, ಆದರೆ ಇಡುವ ಮೊದಲು ಕೆಮ್ಮಿದ್ದು ನನಗೆ ಕೇಳಿಸುತ್ತದೆ. ಮಸ್ಕತ್ತಿನಲ್ಲಿ ಈಗ ಬಿಸಿಲು ಕಡಿಮೆಯಾಗಿದೆ ಎಂದು, ಅಲ್ಲಿಗೇ ಹೊರಟಿರುವ ಅವ್ವಮ್ಮನ ಅಳಿಯ ಲಾಲಪ್ಪ ಹೇಳಿದ. ಕಡಿಮೆಯಾದರೂ ಮೇಲೆ ಹಲಗೆ ಕಟ್ಟುವಾಗ ಸೊಂಟಕ್ಕೆ ಬೆಲ್ಟು ಹಾಕದೆ ಏರಬೇಡಿ. ಯಾರೂ ನೋಡುವುದಿಲ್ಲ ಎಂದು ಬಿಟ್ಟುಬಿಡುವ ಚಾಳಿ ನಿಮಗೆ ಇದೆ, ಹಿಂಜವಡಿಯ ಸೈಟಿನಲ್ಲೇ ನಾನು ಕಂಡಿದ್ದೇನೆ. ಊಟಕ್ಕೆ ಬರೀ ಅನ್ನ ಉಣ್ಣಬೇಡಿ. ಲಾಲಪ್ಪನ ಕೈಯಲ್ಲಿ ಶೇಂಗಾ ಚಟ್ನಿ, ಐವತ್ತು ಕಟಿ ರೊಟ್ಟಿ ಕಳಿಸುತ್ತಿದ್ದೇನೆ. ವಿಮಾನದವರು ಚೀಲ ತೆಗೆಸಿ ಚಟ್ನಿ ಒಗೆದರೆ ಏನು ಮಾಡುವುದು ಎಂದು ಮೂರು ಸಲ ಕೇಳಿದೆ. ಅವನು ಒಗೆಯುವುದಿಲ್ಲ ಎಂದ. ಅವನಿಗೇನು ಗೊತ್ತು, ಅವನೂ ಮೊದಲನೇ ಸಲ ಹೋಗುತ್ತಿದ್ದಾನೆ.

ಪತ್ರ ಯಾಕೆ ಬರೆದಳು ಎಂದು ನೀವು ಹೆದರುತ್ತೀರಿ. ಮಾಯಾಗೆ ಏನೂ ಆಗಿಲ್ಲ, ಕೈಕಾಲು ನೆಟ್ಟಗಿವೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಇದು ಫೋನಿನಲ್ಲಿ ಆಡುವ ಮಾತಲ್ಲ. ನಿಮ್ಮ ಕಡೆ ಒಂದೇ ಖೋಲಿಯಲ್ಲಿ ಎಂಟು ಮಂದಿ ಮಲಗುತ್ತೀರಿ. ನನ್ನ ಕಡೆ ತಗಡಿನ ಪತ್ರಾದ ಗೋಡೆ, ಆಚೆ ಮನೆಯ ಅವ್ವಮ್ಮನ ಕಿವಿ. ಮಾಯಾ ಮನೆಯಲ್ಲಿದ್ದರೆ ಅವಳೆದುರು ಆಡಲಿಕ್ಕಂತೂ ಆಗುವುದೇ ಇಲ್ಲ. ಈಗ ಅವಳು ಮೈದಾನಕ್ಕೆ ಹೋಗಿದ್ದಾಳೆ, ಸಂಜೆಯ ಒಳಗೆ ಬರೆದು ಮುಗಿಸಬೇಕು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳ ಅಕ್ಷರ, ನಿಧಾನಕ್ಕೆ ಓದಿ. ಲಾಲಪ್ಪನಿಗೆ ಕನ್ನಡ ಓದಲು ಬರುವುದಿಲ್ಲ, ಅದೊಂದು ಒಳ್ಳೆಯದು. ಆದರೂ ಅನ್ನದಿಂದ ಅಂಟಿಸಿ ಕೊಡುತ್ತೇನೆ.

ಜಿಲ್ಲೆಯ ಹದಿನೈದರೊಳಗಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಮಾಯಾ ಆರಿಸಿಬಂದದ್ದು, ಇದೇ ತಿಂಗಳ ಇಪ್ಪತ್ತಾರಕ್ಕೆ ಕೊಲ್ಹಾಪುರದಲ್ಲಿ ರಾಜ್ಯದ ಪಂದ್ಯಗಳಿರುವುದು ನಿಮಗೆ ಗೊತ್ತು. ಅವಳು ಗೋಲಿನಲ್ಲಿ ನಿಲ್ಲುವವಳು. ಆ ಜಾಗಕ್ಕೆ ಬೇರೆ ತರಹದ ಅಂಗಿ ಬೇಕಂತೆ, ಉದ್ದ ತೋಳಿನದು. ಅವಳ ಹತ್ತಿರ ಇಲ್ಲ. ನೀವು ಬಿಟ್ಟುಹೋದ ಬೂದು ಸ್ವೆಟರ್ ಇದೆಯಲ್ಲ, ಅದನ್ನೇ ಹಾಕಿಕೊಂಡು ಇಷ್ಟು ದಿನ ಆಡಿದಳು. ಬೀಳುವಾಗ ತರಚಬಾರದೆಂದು ಅದರ ಮೊಣಕೈಗೆ ಹಳೆ ಜೀನ್ಸಿನ ಚೂರು ಹೊಲಿದುಕೊಟ್ಟಿದ್ದೆ. ಬೇರೆ ಹುಡುಗಿಯರು ನಗುತ್ತಾರೆ ಎಂದು ಅವಳು ನನಗೆ ಹೇಳಲಿಲ್ಲ. ಆದರೆ ಪ್ರತಿ ಆಟದ ನಂತರ ಸ್ವೆಟರ್ ಮಡಚಿ ಚೀಲದ ತಳಕ್ಕೆ ಇಡುತ್ತಿದ್ದಳು, ಅದರಲ್ಲೇ ನನಗೆ ತಿಳಿಯಿತು.

ಎರಡನೆಯ ತಾರೀಖು ರವಿವಾರ ಇಲ್ಲಿನ ದೊಡ್ಡ ಸ್ಟೇಡಿಯಮ್ಮಿನಲ್ಲಿ ದೊಡ್ಡ ಕ್ಲಬ್ಬುಗಳ ಆಟವಿತ್ತು. ನಾನು ಕೆಲಸ ಮಾಡುವ ಮನೆಯ ಶ್ರದ್ಧಾ ಮ್ಯಾಡಮ್ಮಿನ ಹತ್ತಿರ ಒಂದು ತಿಕೀಟು ಉಳಿದಿತ್ತು. ಅವರ ಮಗ ಪ್ರಣವ ಮಾಯಾನ ವಯಸ್ಸಿನವನೇ. ಅವರ ಬಿಲ್ಡಿಂಗಿನ ಸೊಸೈಟಿಯಲ್ಲಿ ಇವನು ಒದ್ದ ಚೆಂಡು ಹಿಡಿಯಲು ಯಾರೂ ನಿಲ್ಲುವುದಿಲ್ಲ, ಮಾಯಾ ನಿಲ್ಲುತ್ತಾಳೆ. ಅದಕ್ಕೇ ಅವಳನ್ನೂ ಕರೆದುಕೊಂಡು ಹೋಗೋಣ ಎಂದು ಅವನೇ ತಾಯಿಗೆ ಹೇಳಿದ. ನನಗೆ ಬೇಡವಾಗಿತ್ತು. ಗದ್ದಲ, ನೂಕುನುಗ್ಗಲು, ಗೇಟು ಬಿದ್ದರೆ, ಬೆಂಕಿ ಹತ್ತಿದರೆ, ನನ್ನ ತಲೆ ನಿಮಗೆ ಗೊತ್ತಲ್ಲ. ಆದರೆ ಹುಡುಗಿಯ ಮುಖ ನೋಡಿ ಹೂಂ ಎಂದೆ. ಆ ಹೂಂ ಅನ್ನದೇ ಇದ್ದಿದ್ದರೆ ಇವತ್ತು ಈ ಪತ್ರವೂ ಇರುತ್ತಿರಲಿಲ್ಲ.

ಆಟ ಮುಗಿದ ಮೇಲೆ ಆದದ್ದನ್ನು ನಾನು ಮೊಬೈಲಿನ ವಿಡಿಯೋದಲ್ಲಿ ನೋಡಿದೆ, ನಲವತ್ತು ಸಲವಾದರೂ ನೋಡಿರಬೇಕು. ಸೀಟಿ ಊದಿದ ತಕ್ಷಣ ಐದಾರು ಮಕ್ಕಳು ಕಟಾಂಜನ ಹಾರಿ ಹುಲ್ಲಿನ ಮೇಲೆ ಓಡುತ್ತಾರೆ. ಕೈಯಲ್ಲಿ ರಟ್ಟಿನ ಹಲಗೆ, ‘ನಿಮ್ಮ ಅಂಗಿ ಕೊಡಿ’ ಎಂದು ಇಂಗ್ಲಿಷಿನಲ್ಲಿ ಬರೆದದ್ದು. ಎಲ್ಲರಿಗಿಂತ ಮುಂದೆ ಪ್ರಣವ. ಅವನ ಹಿಂದೆ ನಮ್ಮವಳು, ಕೈಯಲ್ಲಿ ಏನೂ ಇಲ್ಲ. ಉಳಿದವರೆಲ್ಲ ಗೋಲು ಹೊಡೆದವನ ಕಡೆ ತಿರುಗಿದರೆ ಇವಳು ಒಬ್ಬಳೇ ನೆಟ್ಟಗೆ ಗೋಲ್‌ಕೀಪರನ ಹತ್ತಿರ ಹೋಗಿ ನಿಂತಳು. ಅವನು ಬೇರೆ ದೇಶದವನು, ಬಾಗಿಲಿನಷ್ಟು ಎತ್ತರ. ಇವಳು ಏನೋ ಕೇಳುತ್ತಾಳೆ, ಅವನು ನಗುತ್ತಾನೆ, ಅಂಗಿ ಮೇಲೆತ್ತಿ ಅರ್ಧ ತಲೆಯಿಂದ ತೆಗೆದಿದ್ದಾನೆ, ಅಷ್ಟರಲ್ಲಿ ಗಾರ್ಡು ಬಂದು ಇವಳ ರಟ್ಟೆ ಹಿಡಿದು ಎಳೆದ. ಅವನು ತಲೆ ಹೊರಗೆ ತೆಗೆದು ನೋಡುವ ಹೊತ್ತಿಗೆ ಇವಳಿಲ್ಲ, ಆ ಜಾಗಕ್ಕೆ ಓಡಿಬಂದ ಪ್ರಣವ ನಿಂತಿದ್ದಾನೆ. ಅಂಗಿಯನ್ನು ಅವನ ಕೈಗೇ ಕೊಟ್ಟುಬಿಟ್ಟ. ಆ ಕೀಪರನ ತಪ್ಪಲ್ಲ. ಪ್ರಣವನ ತಪ್ಪೂ ಅಲ್ಲ, ಕೊಟ್ಟದ್ದನ್ನು ಯಾರು ಬೇಡ ಎನ್ನುತ್ತಾರೆ?

ಓಡಿದ ಮಕ್ಕಳನ್ನೆಲ್ಲ ಒಂದು ಆಫೀಸಿಗೆ ಕೂಡಿಸಿದರಂತೆ. ಒಬ್ಬೊಬ್ಬರ ಅಪ್ಪ ಅವ್ವ ಮೇಲಿನ ಗ್ಯಾಲರಿಯಿಂದ ಇಳಿದು ಬಂದು, ಕೈ ಕುಲುಕಿ, ‘ಮಕ್ಕಳು ಸಾಹೇಬ’ ಎಂದು ನಕ್ಕು ಕರೆದುಕೊಂಡು ಹೋದರು. ಶ್ರದ್ಧಾ ಮ್ಯಾಡಮ್ಮೂ ಬಂದರು. ಈ ಹುಡುಗಿಯೂ ನಿಮ್ಮವಳೇ ಏನು ಎಂದು ಕೇಳಿದ್ದಕ್ಕೆ ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟೇ: ‘ಇಲ್ಲ, ನಮ್ಮ ಕೆಲಸದ ಬಾಯಿಯ ಮಗಳು.’ ಸುಳ್ಳೇನೂ ಅಲ್ಲವಲ್ಲ. ಪ್ರಣವನಿಗೆ ಟ್ಯೂಷನ್ ಇತ್ತಂತೆ, ಅದಕ್ಕೆ ಅವರು ಹೊರಟರು. ನನಗೆ ಫೋನ್ ಮಾಡಿ, ಮಾವಶಿ, ಬಂದು ನಿಮ್ಮ ಹುಡುಗಿಯನ್ನು ಬಿಡಿಸಿಕೊಂಡು ಹೋಗಿ ಎಂದರು. ಬಿಡಿಸಿಕೊಂಡು ಹೋಗಿ ಎಂದ ತಕ್ಷಣ ಹಿಟ್ಟಿನ ಕೈಯಲ್ಲೇ ರಿಕ್ಷಾ ಹತ್ತಿದೆ.

ಇನ್ನು ಮುಂದಿನದು ನನ್ನ ತಪ್ಪು, ಬಯ್ಯುವುದಾದರೆ ಇಲ್ಲಿ ಬಯ್ಯಿರಿ. ಆಫೀಸಿನಲ್ಲಿ ಮಾಯಾ ಒಬ್ಬಳೇ ಸ್ಟೂಲಿನ ಮೇಲೆ ಕೂತಿದ್ದಳು. ಸಾಹೇಬ ಕೆಟ್ಟವನೇನಲ್ಲ, ಬೇಸತ್ತಿದ್ದ. ನಿಯಮದ ಪ್ರಕಾರ ಪೊಲೀಸರಿಗೆ ಕೊಡಬೇಕು, ಆಮೇಲೆ ನಿಮ್ಮ ನಸೀಬು ಎಂದ. ಹುಡುಗಿಗೆ ವಯಸ್ಸೆಷ್ಟು ಎಂದ. ಪೊಲೀಸ್ ಎನ್ನುವ ಶಬ್ದ ಕಿವಿಗೆ ಬಿದ್ದದ್ದೇ ನನ್ನ ಬಾಯಿಂದ ಬಂದುಬಿಟ್ಟಿತು: ‘ಹನ್ನೆರಡು ತುಂಬಿಲ್ಲ, ಸಾಹೇಬ.’ ಎಷ್ಟು ವರ್ಷ ಹೇಳಿದ ಮಾತು ಅದು. ಊರಿಂದ ಪುಣೆಗೆ, ಪುಣೆಯಿಂದ ಊರಿಗೆ, ರೈಲಿನಲ್ಲಿ ಟೀಸಿ ಎದುರು ನಿಂತಾಗೆಲ್ಲ ಅರ್ಧ ತಿಕೀಟಿಗೆಂದು ನೀವೂ ನಾನೂ ಹೇಳಿದ ಮಾತು. ಕರಿ ಕೋಟು, ಖಾಕಿ ಅಂಗಿ, ಟೇಬಲ್ಲಿನ ಹಿಂದೆ ಕೂತ ಯಾರನ್ನು ಕಂಡರೂ ನಮ್ಮ ಬಾಯಲ್ಲಿ ಮಕ್ಕಳ ವಯಸ್ಸು ತಾನೇ ಇಳಿಯುತ್ತದೆ. ಸಾಹೇಬ ಮಾಯಾನನ್ನು ನೋಡಿದ. ಅವಳು ಅವನ ಭುಜಕ್ಕೆ ಬರುತ್ತಾಳೆ. ಆದರೆ ಹನ್ನೆರಡು ಎಂದರೆ ಅವನಿಗೂ ಸಲೀಸು, ಪೊಲೀಸರನ್ನು ಕರೆಯುವ ರಗಳೆ ಇಲ್ಲ. ತಪ್ಪಾಯಿತು ಎನ್ನುವ ಮಾಫಿನಾಮಾ ಬರೆದ, ಬೆರಳಿಟ್ಟು ತೋರಿಸಿದ ಕಡೆ ಸಹಿ ಮಾಡಿದೆ. ಸೈಟಿನಲ್ಲಿ ಮುಕಾದಮನ ಹಾಜರಿ ಪುಸ್ತಕದಲ್ಲಿ ಮಾಡಿದ ಹಾಗೆ, ಓದದೇ ಮಾಡಿದೆ. ಓದಿದ್ದರೆ ಇನ್ನೊಂದು ಸಾಲು ಕಾಣುತ್ತಿತ್ತು. ನಾನು ಬರುವ ಮೊದಲೇ ಮಾಯಾ, ತಾನು ಕಳ್ಳಿಯಲ್ಲ, ಜಿಲ್ಲಾ ತಂಡದ ಕೀಪರ್ ಎಂದು ಹೇಳಿಕೊಂಡಿದ್ದಳು. ಅದರಿಂದ ಬಿಡುತ್ತಾರೆ ಎಂದುಕೊಂಡಳು ಪಾಪ. ಅದನ್ನೂ ಬರೆದಿದ್ದರು, ಒಂದು ಪ್ರತಿ ಜಿಲ್ಲೆಯ ಫುಟ್‌ಬಾಲಿನವರಿಗೆ ಹೋಯಿತು.

ಮರುದಿನ ಕೆಲಸಕ್ಕೆ ಹೋದರೆ ಸೊಸೈಟಿಯ ಹೆಂಗಸರೆಲ್ಲ ಪ್ರಣವನ ಫೋಟೋ ನೋಡಿ ನಗುತ್ತಿದ್ದರು, ಏನು ಧೈರ್ಯ ಹುಡುಗನದು ಎಂದು. ನಮ್ಮ ವಠಾರದಲ್ಲಿ ಅದೇ ವಿಡಿಯೋ ನೋಡಿ ಅವ್ವಮ್ಮ ನೀರಿನ ಪಾಳಿಯಲ್ಲಿ ಹತ್ತು ಮಂದಿಯ ಎದುರು ಅಂದಳು: ‘ಶರಣವ್ವ, ನಿನ್ನ ಮಗಳು ಭಾಳ ಚಂದ ಓಡ್ಯಾಳ ಬಿಡವ್ವಾ. ಗಂಡಸು ಅಂಗಿ ಬಿಚ್ಚೂತನಕ ನಿಂತಾಳ.’ ನಾನು ಕೊಡ ತುಂಬದೇ ಬಂದೆ. ಕೆಲಸದ ಮನೆಯಲ್ಲಿ ಮ್ಯಾಡಮ್ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಕೈಗಿಟ್ಟು, ಮಾವಶಿ, ಇದನ್ನು ಮಶೀನಿಗೆ ಹಾಕಬೇಡ, ಕೈಯಲ್ಲಿ ಹಗುರವಾಗಿ ಒಗಿ, ನೆರಳಲ್ಲಿ ಒಣಗಿಸು ಎಂದರು. ಅದೇ ಅಂಗಿ. ಹಳದಿ, ಉದ್ದ ತೋಳು. ನಾನು ಒಗೆದೆ, ಮಾಯಾನ ಅಪ್ಪಾ. ಬೆವರು, ಮುಲಾಮು, ಹುಲ್ಲು ಎಲ್ಲ ವಾಸನೆಯೂ ಇತ್ತು. ಬಲ ಮೊಣಕೈಯ ಹಸಿರು ಕಲೆ ಬಿಡಲಿಲ್ಲ, ಸಾಬೂನು ಹಚ್ಚಿ ಎರಡು ಸಲ ತಿಕ್ಕಿದೆ. ಮನೆಗೆ ಬಂದ ಮೇಲೆ ಮಾಯಾ ಕೇಳಿದಳು, ಅದರ ಮೊಣಕೈ ಒಳಗೆ ಮೆತ್ತನೆಯದು ಹಾಕಿ ಹೊಲಿದಿರುತ್ತಾರಂತೆ, ಹೌದೇನು ಎಂದು. ನಾನು ನೋಡಿಲ್ಲ ಎಂದೆ. ನೋಡಿದ್ದೆ. ಇತ್ತು.

ಅದೇ ವಾರದ ಶುಕ್ರವಾರ ಪಂಢರಿನಾಥ ಸರ್ ಮನೆಗೇ ಬಂದರು. ಇವರೇ ಶಾಲೆಯಲ್ಲಿ ಅವಳಿಗೆ ಆಟ ಕಲಿಸಿದವರು. ಸೊಲ್ಲಾಪುರದ ಕಡೆಯವರು, ನಮ್ಮ ಮಾತು ಬರುತ್ತದೆ. ಓಡಿದ್ದಕ್ಕೆ ಬಯ್ಯುತ್ತಾರೆ ಎಂದು ಮಾಯಾ ಬಾಗಿಲ ಮರೆಗೆ ನಿಂತಿದ್ದಳು, ಅವರು ಅವಳನ್ನು ಚಹಾಪುಡಿ ತರಲು ಕಳಿಸಿ ನನಗೆ ಹೇಳಿದರು: ‘ಬಾಯಿ, ಓಡಿದ್ದು ಹೋಗ್ಲಿ, ಎಲ್ಲಾ ಹುಡುಗ್ರೂ ಓಡತಾವ. ನೀವು ಬರಸೀರಲ್ಲ ಹನ್ನೆರಡು, ಅದು ಕುತ್ತಿಗಿಗೆ ಬಂತು.’ ಶಾಲೆಯ ದಾಖಲೆಯಲ್ಲಿ ಅವಳು ೨೦೧೧ರ ಜೂನ್ ಒಂದಕ್ಕೆ ಹುಟ್ಟಿದವಳು, ಹದಿನಾಲ್ಕು ವರ್ಷ. ಮಾಫಿನಾಮೆಯಲ್ಲಿ ಹನ್ನೆರಡು. ವಯಸ್ಸು ಕದಿಯುವ ತಂಡಗಳು ಬಹಳವಾಗಿವೆಯಂತೆ, ದೊಡ್ಡ ಮಕ್ಕಳನ್ನು ಚಿಕ್ಕವರೆಂದು ಆಡಿಸುತ್ತಾರಂತೆ. ಅದಕ್ಕೇ ಎರಡು ಕಾಗದ ಎರಡು ಮಾತಾಡಿದರೆ ಹುಟ್ಟಿದ ದವಾಖಾನೆಯ ದಾಖಲೆ ಕೇಳುತ್ತಾರೆ. ಅದು ಸಿಗದಿದ್ದರೆ ಮಣಿಕಟ್ಟಿನ ಎಲುಬಿನ ಫೋಟೋ ತೆಗೆಸುತ್ತಾರೆ. ಎಲುಬು ಸುಳ್ಳು ಹೇಳುವುದಿಲ್ಲವಂತೆ. ಇಪ್ಪತ್ತೊಂದನೆಯ ತಾರೀಖು ಶುಕ್ರವಾರದ ಒಳಗೆ ಹುಟ್ಟಿದ ಕಾಗದ ತಂದುಕೊಡಿ, ಎಲ್ಲಾ ಸರಿಹೋಗುತ್ತದೆ ಎಂದು ಸರ್ ಚಹಾ ಕುಡಿದು ಹೋದರು. ಅವರು ಪೂರ್ತಿ ನಂಬಿಕೆಯಿಂದ ಹೇಳಿದರು. ನನಗೆ ಆ ನಂಬಿಕೆಯನ್ನೇ ನೋಡಲಾಗಲಿಲ್ಲ.

ನಿಮಗೆ ನೆನಪಿದೆ, ನಿಮಗೆ ಮತ್ತು ನನಗೆ ಮಾತ್ರ. ಒಂದು ಸೈಟಿನಿಂದ ಇನ್ನೊಂದಕ್ಕೆ ತಿರುಗಿ ತಿರುಗಿ ಹುಡುಗಿಯನ್ನು ಶಾಲೆಗೆ ಹಾಕುವ ಹೊತ್ತಿಗೆ ಅವಳಿಗೆ ಎಂಟು ತುಂಬಿತ್ತು. ಎಂಟು ಎಂದರೆ ವಯಸ್ಸಿನ ಪ್ರಕಾರ ಮೂರನೆಯ ಇಯತ್ತೆಯಲ್ಲಿ ಕೂರಿಸುತ್ತೇವೆ ಎಂದು ಶಾಲೆಯ ಹೆಡ್‌ಬಾಯಿ ನಮ್ಮ ಮುಂದೆ ನಿಂತವರಿಗೆ ಹೇಳುತ್ತಿದ್ದುದನ್ನು ನಾನು ಸಾಲಿನಲ್ಲೇ ಕೇಳಿಸಿಕೊಂಡೆ. ನನ್ನನ್ನೂ ಹಾಗೆಯೇ ಅಕ್ಷರ ಬರುವ ಮೊದಲೇ ಮುಂದಿನ ಇಯತ್ತೆಗೆ ತಳ್ಳಿದ್ದರು. ಎರಡು ವರ್ಷ ಗೋಡೆ ನೋಡುತ್ತ ಕೂತು ಬಿಟ್ಟುಬಂದವಳು ನಾನು. ಅದಕ್ಕೇ ನಿಮ್ಮ ಕಿವಿಯಲ್ಲಿ ‘ಆರು ಅನ್ರಿ’ ಎಂದೆ, ನೀವು ಆರು ಅಂದಿರಿ, ಹೆಡ್‌ಬಾಯಿ ಜೂನ್ ಒಂದು ಎಂದು ಬರೆದುಕೊಂಡರು. ನಾವು ಅವಳಿಗೆ ಮಾಡಿದ ಒಳ್ಳೆಯದೆಂದರೆ ಅದೊಂದೇ. ಒಂದರಿಂದ ಕಲಿತಳು, ಗಟ್ಟಿ ಕಲಿತಳು, ಈಗ ಒಂಬತ್ತರಲ್ಲಿ ಎಲ್ಲರಿಗಿಂತ ಮುಂದೆ ಇದ್ದಾಳೆ. ಅವಳಿಗೂ ತನಗೆ ಹದಿನಾಲ್ಕು ಎಂದೇ ಗೊತ್ತು.

ಮೊನ್ನೆ ಬುಧವಾರ ಕೆಲಸಕ್ಕೆ ರಜೆ ಹೇಳಿ, ಅವಳನ್ನು ಹಡೆದ ಶಿರೂರಿಗೆ ಹೋದೆ. ಯಾಕೆ ಹೋದೆನೋ, ಅಲ್ಲಿ ಕಾಗದ ಸಿಗಬಾರದು ಎಂದೇ ಹೋದೆನೋ ಏನೋ. ರಾಂಜಣಗಾಂವ ದಾಟುವಾಗ ಬಸ್ಸಿನಿಂದಲೇ ಗಣಪತಿಗೆ ಕೈಮುಗಿದು, ಪುಸ್ತಕ ಹರಿದುಹೋಗಿರಲಿ, ಇಲಿ ತಿಂದಿರಲಿ ಎಂದು ಬೇಡಿಕೊಂಡೆ. ಸರಕಾರಿ ದವಾಖಾನೆಯ ಪುಸ್ತಕ ಹೊಸದರಂತೆ ಇತ್ತು. ಕಿಟಕಿಯಲ್ಲಿದ್ದ ಹುಡುಗಿ ಒಂದು ತಾಸಿನಲ್ಲಿ ಹುಡುಕಿ ಕೊಟ್ಟಳು, ಬಹಳ ಒಳ್ಳೆಯ ಹುಡುಗಿ. ೧೩ ಫೆಬ್ರುವರಿ ೨೦೦೯, ಸ್ತ್ರೀ, ತಾಯಿಯ ಹೆಸರು ನನ್ನದು, ತಂದೆಯ ಹೆಸರು ನಿಮ್ಮದು, ಮಗುವಿನ ಹೆಸರಿನ ಜಾಗ ಖಾಲಿ. ಶಿವರಾತ್ರಿಗೆ ಹತ್ತು ದಿನ ಮೊದಲು, ರಸ್ತೆಯ ಕೆಲಸದಿಂದ ನನ್ನನ್ನು ಡಾಂಬರಿನ ಟೆಂಪೋದಲ್ಲಿ ಒಯ್ದಿದ್ದಿರಿ. ಹದಿನಾರು ವರ್ಷ ಒಂಬತ್ತು ತಿಂಗಳು. ಬಸ್ಸಿನಲ್ಲಿ ಬೆರಳು ಮಡಚಿ ಮೂರು ಸಲ ಎಣಿಸಿದೆ.

ಈಗ ಕಾಗದ ಟ್ರಂಕಿನಲ್ಲಿ, ನನ್ನ ಮದುವೆ ಸೀರೆಯ ಕೆಳಗೆ ಇದೆ. ಕೊಟ್ಟರೆ ಅವಳ ಕೊಲ್ಹಾಪುರ ಹೋಯಿತು, ಸರ್ ಮೋಸಗಾರ ಎನಿಸಿಕೊಳ್ಳುತ್ತಾರೆ, ಅವಳು ಆಡಿದ ಆಟಗಳನ್ನೂ ಅಳಿಸುತ್ತಾರೋ ಏನೋ. ಹರಿದುಹಾಕಿ, ಸಿಗಲಿಲ್ಲ ಎಂದರೆ ಎಲುಬಿನ ಫೋಟೋ. ಹಗಲೆಲ್ಲ ಅವಳ ಮಣಿಕಟ್ಟು ನೋಡುತ್ತ ಕೂರುತ್ತೇನೆ, ಸಣ್ಣದಾಗಿಯೇ ಕಾಣುತ್ತದೆ, ಎಲುಬು ಒಳಗೆ ಎಷ್ಟು ವರ್ಷದ್ದೋ. ಒಂದು ಸಿಟ್ಟು ಮಾತ್ರ ಇಳಿಯುವುದಿಲ್ಲ. ಆ ಹುಡುಗನೂ ಓಡಿದ, ಇವಳೂ ಓಡಿದಳು. ಅವನ ವಯಸ್ಸನ್ನು ಯಾರೂ ಕೇಳಲಿಲ್ಲ. ಅವನ ತಾಯಿ ಸುಳ್ಳು ಹೇಳುವ ಪ್ರಸಂಗವೇ ಬರಲಿಲ್ಲ. ನಾವು ಎರಡು ಸುಳ್ಳು ಹೇಳಿದೆವು, ಎರಡನ್ನೂ ಅವಳಿಗಾಗಿಯೇ ಹೇಳಿದೆವು, ಎರಡೂ ಸೇರಿ ಅವಳನ್ನೇ ಹಿಡಿದವು.

ನನಗೆ ತೀರ್ಮಾನ ಮಾಡಲು ಬರುವುದಿಲ್ಲ, ಯಾವಾಗ ಬಂದಿದೆ? ಲಾಲಪ್ಪ ಮಂಗಳವಾರ ಹೊರಡುತ್ತಾನೆ, ಗುರುವಾರದೊಳಗೆ ನಿಮ್ಮ ಕೈಗೆ ಮುಟ್ಟಿಸುತ್ತೇನೆ ಎಂದಿದ್ದಾನೆ. ಓದಿದ ಕೂಡಲೇ ಫೋನ್ ಮಾಡಿ. ಸುತ್ತ ಮಂದಿ ಇದ್ದರೆ ಹೆಚ್ಚು ಮಾತು ಬೇಡ, ‘ಕೊಡು’ ಎನ್ನಿ ಇಲ್ಲವೆ ‘ಹರಿ’ ಎನ್ನಿ. ಹಾಗೆಯೇ ಮಾಡುತ್ತೇನೆ. ಆಮೇಲೆ ನಿಮ್ಮನ್ನು ದೂರುವುದಿಲ್ಲ.

ಕೆಮ್ಮಿಗೆ ಓಮ ಕುದಿಸಿ ಕುಡಿಯಿರಿ, ಚಟ್ನಿಯ ಡಬ್ಬಿಯ ಪಕ್ಕದಲ್ಲೇ ಪುಡಿಕೆ ಇಟ್ಟಿದ್ದೇನೆ. ನಿಮ್ಮ ಖೋಲಿಯ ಅಣ್ಣತಮ್ಮಂದಿರಿಗೆಲ್ಲ ನನ್ನ ಶರಣು ಹೇಳಿ, ರೊಟ್ಟಿ ಅವರಿಗೂ ಕೊಡಿ. ಏರುವಾಗ ಬೆಲ್ಟು ಮರೆಯಬೇಡಿ. ಶರಣಬಸಪ್ಪ ನಿಮ್ಮನ್ನು ಕಾಯಲಿ.

ನಿಮ್ಮ
ಶರಣಮ್ಮ

ತಾ.ಕ. ಸೋಮವಾರ ಸಂಜೆ. ಲಾಲಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ‘ಕೊಡು’, ‘ಹರಿ’ ಎರಡೂ ಬೇಡ. ಇವತ್ತು ಬೆಳಿಗ್ಗೆ ಶಾಲೆಯ ದಾಖಲೆ ಹುಡುಕುತ್ತ ಮಾಯಾ ಟ್ರಂಕು ತೆಗೆದಳು. ಮರಾಠಿ ಅವಳಿಗೆ ನನಗಿಂತ ಬೇಗ ಓದಲು ಬರುತ್ತದೆ. ‘ಅವ್ವಾ, ನನಗ ಹದಿನಾರೇನು?’ ಎಂದಳು. ನಾನು ಹಿಟ್ಟು ಕಲಸುತ್ತಲೇ ಇದ್ದೆ. ಆ ಕಾಗದವನ್ನು ತಾನೇ ಒಯ್ದು ಸರ್ ಕೈಗೆ ಕೊಟ್ಟು ಬಂದಳು. ತಂಡದಿಂದ ಹೆಸರು ತೆಗೆದರು, ಎರಡು ವರ್ಷ ಯಾವ ತಂಡಕ್ಕೂ ಕಳಿಸಲು ಬರುವುದಿಲ್ಲವಂತೆ. ಅತ್ತಿಲ್ಲ. ಬಂದವಳೇ ಒಂದೇ ಮಾತು ಕೇಳಿದಳು, ಶಾಲೆಯಲ್ಲಿ ಆರು ಅಂದವರು ಯಾರು ಎಂದು. ನಾನು ನಿಮ್ಮ ಹೆಸರು ಹೇಳಿದೆ. ನಿಮ್ಮೊಬ್ಬರದೇ ಹೇಳಿದೆ. ನೀವು ದೂರ ಇದ್ದೀರಿ, ನಾನು ಈ ಒಂದೇ ಖೋಲಿಯಲ್ಲಿ ಅವಳೊಡನೆ ಇರಬೇಕು. ಮುಂದಿನ ಸಲ ಫೋನ್ ಮಾಡಿದಾಗ ಅವಳೇ ಎತ್ತುತ್ತಾಳೆ, ಕೇಳುತ್ತಾಳೆ. ಹೌದು, ನಾನೇ ಅಂದೆ ಎನ್ನಿ. ನಿಮ್ಮ ಕಿವಿಯಲ್ಲಿ ಯಾರೂ ಏನೂ ಹೇಳಲಿಲ್ಲ ಎನ್ನಿ.